ನಾಲ್ಕನೆಯ ಕಾರ್ಡು

ಹಾಕಿ ಮೈದಾನಕ್ಕೆ ಇಬ್ಬರು ತೀರ್ಪುಗಾರರು.
ನಾಪೋಕ್ಲುವಿನ ಕೆಂಪು ಮಣ್ಣಿನಲ್ಲಿ ಹತ್ತೊಂಬತ್ತು ಬೇಸಿಗೆ
ಆ ಅರ್ಧ ಬೆಳ್ಯಪ್ಪನದು, ಈ ಅರ್ಧ ನನ್ನದು.
ಅವನ ಅರ್ಧದಲ್ಲಿ ನಾನು ಸೀಟಿ ಊದುವಂತಿಲ್ಲ,
ಅವನಾಗಿ ನನ್ನ ಕಡೆ ತಿರುಗಿ ಕೇಳಿದರೆ ಹೊರತು.
ಕೇಳುವ ಪೈಕಿಯಲ್ಲ ಅವನು.

ಅಂಗಿಯ ಜೇಬಿನಲ್ಲಿ ಮೂರು ಕಾರ್ಡು.
ಹಸಿರು ತೋರಿಸಿದರೆ ಎರಡು ನಿಮಿಷ ಹೊರಗೆ,
ಹಳದಿಗೆ ಐದು,
ಕೆಂಪಿಗೆ ಮನೆ.
ನಾಲ್ಕನೆಯದೊಂದು ಪ್ಯಾಂಟಿನ ಹಿಂಜೇಬಿನಲ್ಲಿತ್ತೆಂದು
ನನಗೆ ಗೊತ್ತಾದದ್ದು ಮುದ್ದವ್ವನಿಂದ.

ಬ್ಯಾಂಕಿನ ಕಾಗದ ಹಿಡಿದು ಬಂದಳು, ಮಟಮಟ ಮಧ್ಯಾಹ್ನ,
ಕೊಡೆಯನ್ನೂ ಮಡಚದೆ ಒಳಗೆ.
"ಓದು ದೇಚಮ್ಮ.
ಗೋಣಿಕೊಪ್ಪದ ಬೂಟಿನಂಗಡಿ, ಗಂಬೂಟು ನಲವತ್ತು ಜೊತೆ.
ನಮ್ಮ ಮನೆಯಲ್ಲಿರುವುದು ನಾಲ್ಕು ಕಾಲು.
ಎಂಬತ್ತು ಕಾಲಿನ ಯಾವ ಜರಿಹುಳವನ್ನು ಸಾಕಿದ್ದಾನೆ ಇವನು?"

ನಕ್ಕೆ. ನಗಬಾರದಿತ್ತು.
ಬೂಟೇ ಇಲ್ಲ. ಕಾರ್ಡು ಉಜ್ಜಿ, ನೂರಕ್ಕೆ ಮೂರು ಮುರಿದುಕೊಂಡು
ಉಳಿದದ್ದನ್ನು ನೋಟಾಗಿ ಎಣಿಸಿ ಕೊಡುತ್ತಾನೆ ಅಂಗಡಿಯವನು.
ಸಂಜೆಯೊಳಗೆ ಆ ನೋಟು ಯಾವನೋ ಬೌಲರನ
ಮುಂದಿನ ಚೆಂಡಿನ ಮೇಲೆ ಕೂತಿರುತ್ತದೆ.
ಕ್ರಿಕೆಟ್ಟಿನ ಮೇಲೆ! ಹಾಕಿಯವನು!

ಜೂಜು ನನಗೆ ಹೊಸತಲ್ಲ.
ಕೈಲ್‌ಪೊಳ್ದಿನ ರಾತ್ರಿ ಚಾಪೆ ಹಾಸಿ
ಅಪ್ಪ, ಮಾವಂದಿರು ಇಸ್ಪೀಟು ಕಲಸುತ್ತಿದ್ದರು.
ಸೋತವನು ಜೇಬನ್ನು ಹೊರಗೆಳೆದು
ನಾಯಿಯ ನಾಲಿಗೆಯಂತೆ ಜೋತುಬಿಟ್ಟು ತೋರಿಸಿ
"ಮುಗೀತು" ಎಂದು ಹಂದಿಕರಿಯ ಕಡೆ ಎದ್ದು ಹೋಗುತ್ತಿದ್ದ.
ಖಾಲಿ ಜೇಬೇ ಸೀಟಿ.
ಎಲ್ಲರೂ ಏಳುತ್ತಿದ್ದರು ಎಂದರೆ ಸುಳ್ಳಾಗುತ್ತದೆ.
ಚಿಕ್ಕಮಾವ ಕೋವಿಯನ್ನೇ ಒತ್ತೆಯಿಟ್ಟ.
ಮರುವರ್ಷ ಪೂಜೆಯಲ್ಲಿ ಆ ಕೋವಿಯ ಜಾಗದಲ್ಲಿ
ಬರೀ ಗೋಡೆಗೆ ಒರಗಿತ್ತು ಒಂದು ತೋಕ್ ಪೂ.

ಆದರೆ ಈ ಕಾರ್ಡಿನ ಜೇಬಿಗೆ ತಳವೇ ಇಲ್ಲ.
ತಳ ತಾಗಿತು ಅನ್ನುವಷ್ಟರಲ್ಲಿ
"ಅಭಿನಂದನೆ, ನಿಮ್ಮ ಮಿತಿ ಏರಿಸಿದ್ದೇವೆ" ಎನ್ನುತ್ತದೆ ಫೋನು,
ಮಗು ಹುಟ್ಟಿದ ಮನೆಗೆ ಬಂದ ನೆಂಟರ ಹಾಗೆ.

ಬಿಡಬಾರದು ಎನ್ನಲೆ?
ಗಳಿಸಿದ್ದನ್ನು ಕಳೆಯುವ ಹಕ್ಕು ಇರಲಿ, ಯಾರಿಗೂ ಇರಲಿ.
ಇನ್ನೂ ಗಳಿಸದ್ದನ್ನು?
ಬರುವ ಆಗಸ್ಟಿನ ಬೆಳ್ಯಪ್ಪನನ್ನು
ಈ ಏಪ್ರಿಲಿನ ಬೆಳ್ಯಪ್ಪ ಪಣಕ್ಕಿಡಬಹುದೆ,
ಅವನನ್ನು ಒಂದು ಮಾತೂ ಕೇಳದೆ?
ಬ್ಯಾಂಕು ಗೇಟು ಹಾಕಲಿ ಎಂದೆ. ಹಾಕಿದೆಯಂತೆ,
ಜೂಜಿಗಲ್ಲ ಎಂದು ಸಣ್ಣಕ್ಷರದಲ್ಲಿ ಬರೆದಿದೆಯಂತೆ.
ಗಂಬೂಟು ತೊಟ್ಟವನಿಗೆ ಯಾವ ಬೇಲಿ?
ಆದರೂ ಬೇಲಿ ಇರಲಿ.
ಹಾರುವಾಗ ಪಂಚೆಯಾದರೂ ಒಂದಿಷ್ಟು ಹರಿಯಲಿ.

ಮೊನ್ನೆ ಕ್ವಾರ್ಟರ್ ಫೈನಲ್ಲು.
ಅವನ ಅರ್ಧ. ಡಿ ಒಳಗೆ ಚೆಂಡು ಹುಡುಗನ ಕಾಲಿಗೆ ತಾಗಿದ್ದು
ಗ್ಯಾಲರಿಗೆಲ್ಲ ಕಂಡಿತು.
ಬೆಳ್ಯಪ್ಪನ ಕಣ್ಣು ಚೆಂಡಿನ ಮೇಲೇ ಇತ್ತು, ಅವನು ಅಲ್ಲಿರಲಿಲ್ಲ.
ಕೈ ಏಳಲಿಲ್ಲ.
ನಾನು ಊದಿದೆ.

ಸಂಜೆ ಬೆಂಚಿನಲ್ಲಿ ಬೂಟಿನ ಲೇಸು ಬಿಚ್ಚುತ್ತ
"ಅದು ನನ್ನ ಅರ್ಧ" ಎಂದ.
"ಹೌದು" ಎಂದೆ.
ಹಸಿರು ಕಾರ್ಡನ್ನು ತೆಗೆದು ನಮ್ಮಿಬ್ಬರ ನಡುವೆ ಇಟ್ಟೆ.
"ಎರಡೇ ನಿಮಿಷ."
ಕೂತ. ಏಳು ನಿಮಿಷ ಕೂತ, ನಾನು ಎಣಿಸಿದ್ದೇನೆ.
ಆ ಏಳು ನಿಮಿಷವೂ ಹಿಂಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು.

ಪಾಪಪ್ರಜ್ಞೆಯೋ ಏನೋ, ಒಂದು ಜೊತೆಯನ್ನು
ಅಂಗಡಿಯವನು ನಿಜವಾಗಿಯೂ ಕೊಟ್ಟಿದ್ದಾನೆ.
ಮಳೆ ಹಿಡಿದಾಗಿನಿಂದ ಮುದ್ದವ್ವ ಅದನ್ನೇ ತೊಟ್ಟು
ಇಂಬಳದ ತೋಟಕ್ಕೆ ಇಳಿಯುತ್ತಾಳೆ.
ಎರಡು ಅಳತೆ ದೊಡ್ಡದು, ಹೆಜ್ಜೆಗೊಮ್ಮೆ ಲೊಚಕ್, ಲೊಚಕ್.
ಉಳಿದ ಮೂವತ್ತೊಂಬತ್ತು ಜೊತೆ
ಈ ಹೊತ್ತಿನಲ್ಲಿ ಎಲ್ಲಿ ನಡೆಯುತ್ತಿವೆಯೋ.